ಚೆನ್ನಾಗಿದೆ, ತುಂಬ ಚೆನ್ನಾಗಿದೆ!

ಬರವಣಿಗೆಯ ತರಗತಿಯಲ್ಲಿ ಮೇಷ್ಟ್ರು ಕರಡುಗಳನ್ನು ಅದಲುಬದಲು ಮಾಡಿ, “ಒಬ್ಬರದ್ದನ್ನೊಬ್ಬರು ಓದಿ ತಿದ್ದಿ” ಅಂದರು ಅನ್ನಿ. ಆಗ ನೋಡಬೇಕು ನಮ್ಮವರ ದಾಕ್ಷಿಣ್ಯದ ವೈಭವ! ಮದುವೆಮನೆಯ ಉಪ್ಪಿಲ್ಲದ ಸಾರಿಗೂ “ಊಟ ಅಮೋಘ” ಅನ್ನುವ ನಾಲಿಗೆ ಇಲ್ಲಿ ಮಾತ್ರ ನಿಜ ನುಡಿದೀತೇ? ಅಂಚಿನಲ್ಲೊಂದು “ಚೆನ್ನಾಗಿದೆ”, ಅದರ ಕೆಳಗೆ “ತುಂಬ ಚೆನ್ನಾಗಿದೆ”. ಬರೆದವಳು ಪಕ್ಕದ ಬೆಂಚಿನಲ್ಲೇ ಕೂತಿದ್ದಾಳೆ, ನಿಮ್ಮ ಕರಡು ಅವಳ ಕೈಯಲ್ಲಿದೆ. ಯಾಕೆ ಬೇಕು ಪಜೀತಿ?

ಏನೂ ತಿದ್ದದಿದ್ದರೆ ಮೇಷ್ಟ್ರು ಬಯ್ಯುತ್ತಾರಲ್ಲ, ಅದಕ್ಕೇ ಎಲ್ಲರೂ ಕಾಗುಣಿತದ ಮೇಲೆ ಮುಗಿಬೀಳುವುದು. “ಮಾನವ ಸಂಘಜೀವಿ” ಎಂದು ಹೊರಟ ಮೊದಲ ಪ್ಯಾರಾ ಎಲ್ಲಿಗೂ ಹೋಗದೆ ನಿಂತಿದ್ದರೂ ಚಿಂತೆಯಿಲ್ಲ. ‘ಪ್ರಬಂಧ’ದ ಧಕಾರಕ್ಕೆ ಹೊಟ್ಟೆ ಸೀಳಿಲ್ಲ ಎಂಬುದೇ ದೊಡ್ಡ ಸಂಶೋಧನೆ.

ಅಮೆರಿಕದ ಪೀಟರ್ ಎಲ್ಬೊ 1973ರಲ್ಲಿ ಮೇಷ್ಟ್ರೇ ಇಲ್ಲದ ಬರವಣಿಗೆ ತರಗತಿಯ ಬಗ್ಗೆ ಪುಸ್ತಕ ಬರೆದ ಪುಣ್ಯಾತ್ಮ. ಅವನಿಗೆ ಬೇಕಿದ್ದದ್ದು ತೀರ್ಪಲ್ಲ. ಓದುತ್ತಾ ಹೋದಂತೆ ನಿಮ್ಮ ತಲೆಯೊಳಗೆ ಏನೇನಾಯಿತೋ ಅಷ್ಟು ಹೇಳಿ ಸಾಕು. ನನಗಂತೂ ಇದು ಬಹಳ ಹಿಡಿಸಿತು. “ಮೂರನೇ ಪ್ಯಾರಾದಲ್ಲಿ ಮೊಬೈಲು ನೋಡೋಣ ಅನ್ನಿಸಿತು ಕಣೇ, ನಿಮ್ಮಜ್ಜಿ ಬಂದ ಮೇಲೆ ಮತ್ತೆ ಎಚ್ಚರವಾಯಿತು” ಅಂದರೆ ದಾಕ್ಷಿಣ್ಯಕ್ಕೂ ಧಕ್ಕೆಯಿಲ್ಲ, ಸುಳ್ಳೂ ಹೇಳಿದಂತಾಗಲಿಲ್ಲ. ಅಜ್ಜಿಯಿಂದಲೇ ಶುರು ಮಾಡಬೇಕಿತ್ತು ಎಂಬುದು ಬರೆದವಳಿಗೆ ತಾನಾಗಿ ಹೊಳೆಯುತ್ತದೆ.

ಇನ್ನು ಅದೇ ಅಮೆರಿಕದಲ್ಲಿ 1936ರಲ್ಲಿ ಶುರುವಾದ ಬರವಣಿಗೆಯ ಶಾಲೆ ಅಯೋವಾ ರೈಟರ್ಸ್ ವರ್ಕ್‌ಶಾಪಿನಿಂದ ಹೆಸರಾದ ಕಟ್ಟಳೆಯೊಂದಿದೆ: ಚರ್ಚೆ ಮುಗಿಯುವ ತನಕ ಬರೆದವರು ತುಟಿ ಬಿಚ್ಚುವಂತಿಲ್ಲ. ನಮ್ಮಲ್ಲಿ ಇದು ಸಾಧ್ಯವೇ? “ಅಲ್ಲಿ ನಾನು ಹೇಳೋಕೆ ಹೊರಟಿದ್ದು ಏನಪ್ಪಾ ಅಂದ್ರೆ...” ಎಂದು ಪ್ರಬಂಧಕ್ಕಿಂತ ಉದ್ದದ ವ್ಯಾಖ್ಯಾನ ಶುರು. ಎಷ್ಟೋ ಸಲ ಆ ವ್ಯಾಖ್ಯಾನವೇ ಪ್ರಬಂಧಕ್ಕಿಂತ ವಾಸಿ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳುವ ಬುದ್ಧಿ ಮಾತ್ರ ಯಾರಿಗೂ ಬರುವುದಿಲ್ಲ.

ಕತ್ತರಿ ಹಾಕುವುದಂತೂ ಕೇಳಲೇಬೇಡಿ. 1922ರಲ್ಲಿ ಬಂದ ಟಿ. ಎಸ್. ಎಲಿಯಟ್‌ನ ನೀಳ್ಗವನ ‘ದಿ ವೇಸ್ಟ್ ಲ್ಯಾಂಡ್’ನ ಕರಡನ್ನು ಅವನ ಕವಿಗೆಳೆಯ ಎಜ್ರಾ ಪೌಂಡ್ ಹೆಚ್ಚುಕಡಿಮೆ ಅರ್ಧಕ್ಕಿಳಿಸಿದ. ಎಲಿಯಟ್ ಜಗಳಕ್ಕೆ ನಿಲ್ಲಲಿಲ್ಲ, ಆಮೇಲೆ ಕವನವನ್ನೇ ಗೆಳೆಯನಿಗೆ ಅರ್ಪಿಸಿದ. ನಮ್ಮ ಹುಡುಗರ ಕರಡಿನಿಂದ ಒಂದೇ ಒಂದು ‘ಅತ್ಯಂತ’ ತೆಗೆಯಿರಿ ನೋಡೋಣ, ವಾರವಿಡೀ ಕ್ಯಾಂಟೀನಿನಲ್ಲಿ ನಿಮ್ಮ ಕಾಫಿಗೆ ನೀವೇ ದುಡ್ಡು ಕೊಟ್ಟುಕೊಳ್ಳಬೇಕು. ಅಂದಹಾಗೆ, ಪೌಂಡ್ ಹೊಡೆದುಹಾಕಿದ್ದ ಆ ಸಾಲುಗಳೂ 1971ರಲ್ಲಿ ಅಚ್ಚಾದವು. ದಯವಿಟ್ಟು ಇದನ್ನು ತರಗತಿಯಲ್ಲಿ ಬಾಯಿಬಿಡಬೇಡಿ. ಗೊತ್ತಾದರೆ ಒಬ್ಬನೂ ಒಂದಕ್ಷರ ಬಿಟ್ಟುಕೊಡುವುದಿಲ್ಲ.