ಒಂದು ಸಣ್ಣ ಸಂಶಯ ಉಂಟು

ಬುಧವಾರ ಸಂಜೆ ಆರೂವರೆಗೆ ಮಂಗಳೂರು ಕಡೆಯ ಯಾವ ಸಿ.ಎಸ್.ಐ. ಸಭೆಯ ಸತ್ಯವೇದ ಅಧ್ಯಯನಕ್ಕೆ ಬೇಕಾದರೂ ಹೋಗಿ ನೋಡಿ. ಹಾಲಿನಲ್ಲಿ ಐವತ್ತು ಪ್ಲಾಸ್ಟಿಕ್ ಕುರ್ಚಿ, ಹನ್ನೆರಡು ಜನ. ಸಂಖ್ಯೆ ಅಪೊಸ್ತಲರದ್ದೇ ಆದರೂ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಏಳು ಜನ ಸ್ತ್ರೀಯರ ಅನ್ಯೋನ್ಯಕೂಟದವರು. ಇಬ್ಬರು ಆ ಏಳರಲ್ಲಿ ಇಬ್ಬರ ಗಂಡಂದಿರು. ಒಬ್ಬರು ಕಮಿಟಿಯ ಸೆಕ್ರೆಟರಿ, ಹಾಲಿನ ಬೀಗದ ಕೈ ಅವರ ಹತ್ತಿರ ಇರುವುದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಒಬ್ಬ ಹುಡುಗ, ಮುಂದಿನ ತಿಂಗಳು ಅವನ ಮದುವೆ. ಹನ್ನೆರಡನೆಯವರು ಮಾಸ್ಟ್ರು.

ಮಾಸ್ಟ್ರು ಯಾರೆಂದು ನಾನು ಹೇಳಬೇಕಾಗಿಲ್ಲ, ನಿಮ್ಮ ಸಭೆಯಲ್ಲೂ ಇದ್ದಾರೆ. ಹೈಸ್ಕೂಲಿನಿಂದ ನಿವೃತ್ತರಾದವರು. ನಿವೃತ್ತಿಯಾದದ್ದು ಶಾಲೆಯಿಂದ, ಕಲಿಸುವುದರಿಂದಲ್ಲ. ಎರಡನೇ ಸಾಲಿನ ಕಿಟಕಿ ಬದಿಯ ಕುರ್ಚಿ ಅವರದು. ಕೈಯಲ್ಲಿ ಕಪ್ಪು ರೆಕ್ಸಿನ್ ಹೊದಿಕೆಯ ಸತ್ಯವೇದ. ಅದರೊಳಗೆ 66 ಪುಸ್ತಕಗಳ ಜತೆಗೆ ಗರಿಗಳ ಭಾನುವಾರದ ಒಣಗಿದ ಗರಿ, ಎಲ್.ಐ.ಸಿ. ರಸೀದಿ, ಮೂರು ಮದುವೆಯ ಕಾಗದ, ಮೊದಲ ಪುಟದಲ್ಲಿ ಅಜ್ಜನ ಕಾಲದಿಂದ ಹುಟ್ಟಿದವರ ಸತ್ತವರ ಪಟ್ಟಿ. ಅಂಚಿನಲ್ಲೆಲ್ಲ ಕೆಂಪು ಪೆನ್ಸಿಲ್, ನೀಲಿ ಪೆನ್ಸಿಲ್. ಕೆಂಪು ಗೆರೆ ಎಳೆದದ್ದು ಪಾಸ್ಟ್ರಿಗೆ ಕೇಳಬೇಕಾದದ್ದು. ನೀಲಿ ಎಳೆದದ್ದು ಕೇಳಿ, ಸಿಕ್ಕಿದ ಉತ್ತರ ಒಪ್ಪಿಗೆಯಾಗದೆ ಉಳಿದದ್ದು.

ಅಧ್ಯಯನ ಶುರುವಾಗಿ ಐದು ನಿಮಿಷಕ್ಕೆ ಅವರು ಕನ್ನಡಕ ಹಣೆಗೇರಿಸುತ್ತಾರೆ. ಏಳು ಜನ ಸ್ತ್ರೀಯರೂ ಒಟ್ಟಿಗೆ ಗಡಿಯಾರ ನೋಡುತ್ತಾರೆ.

"ಪಾಸ್ಟ್ರೇ, ಒಂದು ಸಣ್ಣ ಸಂಶಯ ಉಂಟು."

ಸಂಶಯ ಯಾವತ್ತೂ ಸಣ್ಣದಲ್ಲ, ಸಂಶಯವೂ ಅಲ್ಲ. ಉತ್ತರ ಅವರ ಹತ್ತಿರ ಮೊದಲೇ ಇರುತ್ತದೆ. ಪಾಸ್ಟ್ರ ಹತ್ತಿರ ಉಂಟೋ ಎನ್ನುವುದಷ್ಟೇ ಪ್ರಶ್ನೆ. ಸಭಾಪಾಲಕರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಮಾಸ್ಟ್ರಿಗೆ ವರ್ಗಾವಣೆ ಇಲ್ಲ. ಹಾಗಾಗಿ ಬಂದ ಪ್ರತಿಯೊಬ್ಬರಿಗೂ ಮೊದಲ ಬುಧವಾರ ಅದೇ ಪ್ರವೇಶ ಪರೀಕ್ಷೆ: ಕಾಯಿನನ ಹೆಂಡತಿ ಎಲ್ಲಿಯವಳು? ಬಲ್ಮಠದ ಥಿಯಾಲಜಿಕಲ್ ಕಾಲೇಜಿನಿಂದ ಹೊಸದಾಗಿ ಬಂದ ಒಬ್ಬರು ಪ್ರಾಚೀನ ಪೂರ್ವದೇಶಗಳ ಸೃಷ್ಟಿಕಥೆಗಳಿಂದ ಹಿಡಿದು ಮುಕ್ಕಾಲು ಗಂಟೆ ವಿವರಿಸಿದರು. ಮಾಸ್ಟ್ರು ಪೂರ್ತಿ ಕೇಳಿ, "ಅಷ್ಟೆಲ್ಲ ಯಾಕೆ ಪಾಸ್ಟ್ರೇ, ಆದಿಕಾಂಡ 5:4 ಓದಿದರೆ ಆಯಿತಲ್ಲ. ಆದಾಮನಿಗೆ ಬೇರೆ ಹೆಣ್ಣುಮಕ್ಕಳೂ ಇದ್ದರು" ಅಂದರು. ಅವರ ನಂತರ ಬಂದವರು ಅನುಭವಸ್ಥರು. "ಮಾಸ್ಟ್ರೇ, ಆ ಮದುವೆ ನಮ್ಮ ಸಭೆಯ ರಿಜಿಸ್ಟರಿನಲ್ಲಿ ದಾಖಲಾಗಿಲ್ಲ" ಅಂದು ಮುಂದಿನ ವಚನಕ್ಕೆ ಹೋದರು. ಇವರು ನಮ್ಮಲ್ಲಿ ಬಾಳುತ್ತಾರೆ ಎಂದು ಅವತ್ತೇ ಎಲ್ಲರಿಗೂ ಗೊತ್ತಾಯಿತು.

ಇಷ್ಟೊಂದು ಪ್ರಶ್ನೆ ಯಾಕೆ ಅಂತ ಯಾರಾದರೂ ಕೇಳಿದರೆ ಅದಕ್ಕೂ ಆಧಾರ ಇಟ್ಟುಕೊಂಡಿದ್ದಾರೆ. ಅಪೊಸ್ತಲರ ಕೃತ್ಯಗಳು, 17:11. ಬೆರೋಯದ ಜನ ಪೌಲ ಹೇಳಿದ್ದನ್ನೂ ಸುಮ್ಮನೆ ನಂಬಲಿಲ್ಲ, ದಿನಾ ಶಾಸ್ತ್ರ ತೆಗೆದು ನೋಡಿದರು. "ಪೌಲನನ್ನೇ ಬಿಡಲಿಲ್ಲ. ಇನ್ನು ನೀವು..." ಅಂತ ವಾಕ್ಯವನ್ನು ಅಲ್ಲಿಗೇ ಬಿಡುತ್ತಾರೆ. ಅದೇ ಪುಸ್ತಕದ 20ನೇ ಅಧ್ಯಾಯದಲ್ಲಿ ಪೌಲ ನಡುರಾತ್ರಿಯವರೆಗೆ ಮಾತಾಡುತ್ತಿದ್ದಾಗ ಕಿಟಕಿಯಲ್ಲಿ ಕೂತಿದ್ದ ಹುಡುಗನೊಬ್ಬ ನಿದ್ದೆ ಹತ್ತಿ ಮೂರನೇ ಅಂತಸ್ತಿನಿಂದ ಬಿದ್ದದ್ದನ್ನು ಮಾತ್ರ ಅವರು ಎಂದೂ ಎತ್ತುವುದಿಲ್ಲ. ನಮ್ಮ ಹಾಲು ನೆಲದ ಮೇಲೇ ಇದೆ, ಕಿಟಕಿಗೆ ಸರಳೂ ಉಂಟು. ಕಟ್ಟಿಸಿದ ಹಿರಿಯರು ದೂರದೃಷ್ಟಿಯವರು.

ಹಿರಿಯರ ಮಾತು ಬಂದದ್ದರಿಂದ ಹೇಳುತ್ತೇನೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅಚ್ಚುಕೂಟ ಹಾಕಿದರು, 1865ರಲ್ಲಿ ಹಂಚಿನ ಕಾರ್ಖಾನೆ. ಓದಲಿಕ್ಕೆ ಪುಸ್ತಕವನ್ನೂ, ಓದುವಾಗ ಆಷಾಢದ ಮಳೆ ಅದರ ಮೇಲೆ ಬೀಳದ ಹಾಗೆ ಹಂಚನ್ನೂ ಅವರೇ ಕೊಟ್ಟರು. ಮಾಸ್ಟ್ರನ್ನು ಮಾತ್ರ ನಾವು ಸ್ವಂತವಾಗಿ ತಯಾರಿಸಿಕೊಂಡೆವು.

ತಯಾರಾದದ್ದು ಹೇಗೆ ಅಂದರೆ, ದೊಡ್ಡವರ ಈ ತರಗತಿಯ ರಚನೆಯೇ ಹಾಗಿದೆ. ಭಾನುವಾರ ಶಾಲೆಯ ಮಕ್ಕಳಿಗೆ ಪರೀಕ್ಷೆ ಉಂಟು, ಸರ್ಟಿಫಿಕೇಟ್ ಉಂಟು, ವರ್ಷಕ್ಕೊಂದು ಕ್ಲಾಸು ಮೇಲೆ ಹೋಗುತ್ತಾರೆ. ದೊಡ್ಡವರಿಗೆ ಪಾಸೂ ಇಲ್ಲ, ಫೇಲೂ ಇಲ್ಲ. ಒಂದೇ ಕ್ಲಾಸಿನಲ್ಲಿ ಮೂವತ್ತು ವರ್ಷ ಕೂರಬಹುದು, ಟಿ.ಸಿ. ಸಿಗುವುದು ಒಂದೇ ಸಲ, ಅದನ್ನು ಕೊಡುವವನೂ ಬೇರೆ. ಹೀಗಿರುವಾಗ ಮನುಷ್ಯ ತನ್ನ ಪ್ರಗತಿಯನ್ನು ಯಾವುದರಿಂದಲಾದರೂ ಅಳೆದುಕೊಳ್ಳಬೇಕಲ್ಲ. ಮಾಸ್ಟ್ರು ಸಂಖ್ಯೆಯಿಂದ ಅಳೆದುಕೊಂಡರು.

ಮೆತೂಷೆಲಹನ ವಯಸ್ಸು 969. ಕೀರ್ತನೆ 119ರಲ್ಲಿ 176 ವಚನ. ಅಧ್ಯಾಯ ಅಂತ ಭಾಗ ಮಾಡಿದ್ದು 13ನೇ ಶತಮಾನದಲ್ಲಿ, ಹೊಸ ಒಡಂಬಡಿಕೆಗೆ ಈಗಿರುವ ವಚನಸಂಖ್ಯೆ ಹಾಕಿ ಅಚ್ಚುಮಾಡಿದ್ದು 1551ರಲ್ಲಿ, ರೊಬೇರ್ ಎಸ್ತಿಯೆನ್ ಎಂಬ ಮುದ್ರಕ. ಪೌಲ ತನ್ನ ಪತ್ರಿಕೆಗಳಲ್ಲಿ ಒಂದು ನಂಬರೂ ಹಾಕಿರಲಿಲ್ಲ ಅಂತ ಪಾಸ್ಟ್ರು ಒಮ್ಮೆ ತಿಳಿಸಿದರು. ಮಾಸ್ಟ್ರು ತುಂಬ ಹೊತ್ತು ಯೋಚಿಸಿ ಕೇಳಿದರು: "ಹಾಗಾದರೆ ಅದಕ್ಕೆ ಮುಂಚೆ ಜನ ವಾದ ಮಾಡ್ತಿದ್ದದ್ದು ಹೇಗೆ?"

ಯೋಹಾನನ ಕೊನೆಯ ಅಧ್ಯಾಯದಲ್ಲಿ ಪೇತ್ರ ಬಲೆ ಎಳೆದಾಗ 153 ಮೀನು. ಇದನ್ನು ಮಾಸ್ಟ್ರು ಬೋರ್ಡಿನ ಮೇಲೆ ವಿವರಿಸಿದ ಸಂಜೆ ಮರೆಯುವ ಹಾಗಿಲ್ಲ. ಒಂದರಿಂದ ಹದಿನೇಳರವರೆಗಿನ ಸಂಖ್ಯೆಗಳನ್ನು ಕೂಡಿದರೆ 153. ಹದಿನೇಳು ಅಂದರೆ ಹತ್ತು ಆಜ್ಞೆ, ಏಳು ಆತ್ಮವರ. ಸಂತ ಅಗಸ್ಟೀನನ ಲೆಕ್ಕ ಇದು, ಸುಳ್ಳಲ್ಲ. ಹಿಂದಿನ ಸಾಲಿನಿಂದ ಒಬ್ಬ ಬಾಯಮ್ಮನವರು ಕೇಳಿದರು: "ಯಾವ ಮೀನು ಮಾಸ್ಟ್ರೇ? ಬಂಗುಡೆಯಾ, ಬೂತಾಯಿಯಾ?" ದೊಡ್ಡ ಮೀನು ಅಂತ ಬರೆದಿದೆ, ಬೂತಾಯಿ ಆಗಲಿಕ್ಕಿಲ್ಲ ಎಂದು ಸೆಕ್ರೆಟರಿ ಅಂದರು. ಅಂಜಲ್ ಇರಬೇಕು ಎಂದಾಯಿತು. ಅಂಜಲಿನ ಈಗಿನ ರೇಟಿಗೆ ಮಾತು ಹೊರಳಿತು. ಅಧ್ಯಯನದಲ್ಲಿ ಎಲ್ಲರೂ ಭಾಗವಹಿಸಿದ ಬುಧವಾರ ಅದೊಂದೇ ಎಂದು ವರದಿಯಲ್ಲಿ ಬರೆಯಬಹುದಿತ್ತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಮಾಸ್ಟ್ರನ್ನು ನಾವು ಇಷ್ಟು ವರ್ಷ ಸಹಿಸಿಕೊಂಡದ್ದು ತಾಳ್ಮೆಯಿಂದಲ್ಲ, ಉಪಯೋಗದಿಂದ. ಓದು ಎಲ್ಲಿ ನಮ್ಮ ಕಡೆಗೆ ಬೆರಳು ತೋರಿಸುತ್ತದೋ ಸರಿಯಾಗಿ ಅಲ್ಲೇ ಅವರಿಗೆ ಸಂಶಯ ಬರುತ್ತದೆ. ಶ್ರೀಮಂತ, ಒಂಟೆ, ಸೂಜಿಯ ಕಣ್ಣು ಬಂದ ದಿನ ಹಾಲಿನಲ್ಲಿ ಸ್ವಲ್ಪ ಗಲಿಬಿಲಿ ಇತ್ತು. ಹೊರಗೆ ನಿಂತ ಕಾರುಗಳಲ್ಲಿ ಎರಡು ಹೊಸತು. ಮಾಸ್ಟ್ರು ಕಾಪಾಡಿದರು. ಯೆರೂಸಲೇಮಿನಲ್ಲಿ ಸೂಜಿಕಣ್ಣು ಅಂತಲೇ ಒಂದು ಸಣ್ಣ ಬಾಗಿಲಿತ್ತು, ಹೇರು ಇಳಿಸಿ ಮೊಣಕಾಲೂರಿದರೆ ಒಂಟೆ ಆರಾಮವಾಗಿ ನುಗ್ಗುತ್ತಿತ್ತು ಅಂದರು. ಯೇಸುವಿನ ಕಾಲದಲ್ಲಿ ಅಂಥ ಬಾಗಿಲಿತ್ತು ಎನ್ನುವುದಕ್ಕೆ ಪುರಾವೆ ಇಲ್ಲ, ಅದು ಎಷ್ಟೋ ಕಾಲದ ನಂತರ ಹುಟ್ಟಿದ ಕಥೆ ಎಂದು ಪಾಸ್ಟ್ರು ಹೇಳಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಬಾಗಿಲು ಎಲ್ಲರಿಗೂ ಇಷ್ಟವಾಗಿತ್ತು.

ಮತ್ತಾಯನ ಐದನೇ ಅಧ್ಯಾಯದಲ್ಲಿ ಮಾತ್ರ ಅವರ ಆಟ ನಡೆಯಲಿಲ್ಲ. ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ, ಅದನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು ಎಂಬ ಭಾಗ. ಮಾಸ್ಟ್ರಿಗೂ ಅವರ ತಮ್ಮನಿಗೂ ಕಂಪೌಂಡ್ ಗೋಡೆಯ ಕೇಸು ಉಂಟು. ಗೋಡೆ ಒಂದೂವರೆ ಅಡಿ ಆಚೆಗೋ ಈಚೆಗೋ ಎಂಬುದು ಕೋರ್ಟಿನಲ್ಲಿದೆ. ತಮ್ಮ ಕೂರುವುದು ಇದೇ ದೇವಾಲಯದಲ್ಲಿ, ಎಡಗಡೆ. ಮಾಸ್ಟ್ರು ಬಲಗಡೆ. ಪಾಸ್ಟ್ರು ಓದಿ ಮುಗಿಸಿದಾಗ ಎಲ್ಲರೂ ನೆಲ ನೋಡಿದರು.

"ಒಂದು ಸಣ್ಣ ಸಂಶಯ ಉಂಟು ಪಾಸ್ಟ್ರೇ. ಈ ಬಲಿಪೀಠದ ಅಳತೆ ಎಷ್ಟು?" ಅಂದು, ಉತ್ತರವನ್ನೂ ತಾವೇ ಕೊಟ್ಟರು. "ವಿಮೋಚನಕಾಂಡ 27:1. ಉದ್ದ ಐದು ಮೊಳ, ಅಗಲ ಐದು ಮೊಳ, ಎತ್ತರ ಮೂರು ಮೊಳ."

ಮೀನಿನ ಬಾಯಮ್ಮನವರು ಚೀಲದಿಂದ ಗೋಳಿಬಜೆಯ ಡಬ್ಬಿ ತೆಗೆಯುತ್ತಿದ್ದವರು ತಲೆ ಎತ್ತದೆ ಕೇಳಿದರು: "ಅಲ್ಲಿಂದ ತಮ್ಮನ ಮನೆಗೆ ಎಷ್ಟು ಮೊಳ ಮಾಸ್ಟ್ರೇ?"

ಮಾಸ್ಟ್ರು ಕನ್ನಡಕ ಇಳಿಸಿದರು. ಕೆಂಪು ಪೆನ್ಸಿಲೂ ಹೊರಗೆ ಬರಲಿಲ್ಲ. ಪಾಸ್ಟ್ರಿಗೆ ಕೊನೆಗೂ ವ್ಯಾಖ್ಯಾನಕ್ಕೆ ಜಾಗ ಸಿಕ್ಕಿತು, ಸಂಶಯವಿಲ್ಲದ ಹತ್ತು ನಿಮಿಷ. ಅದು ಎಷ್ಟು ಕಷ್ಟದ ಹತ್ತು ನಿಮಿಷ ಎಂದು ಕೂತವರಿಗೇ ಗೊತ್ತು. ಸೆಕ್ರೆಟರಿಗೆ ಅಕ್ಕನ ಜತೆ ಮಾತಿಲ್ಲ. ಗಂಡಂದಿರಲ್ಲಿ ಒಬ್ಬರು ಭಾವನ ಮೇಲೆ ಅಪೀಲು ಹೋಗಿದ್ದಾರೆ. ಮದುವೆಯ ಹುಡುಗ ಚಿಕ್ಕಪ್ಪನಿಗೆ ಕಾಗದ ಕೊಡುವುದೋ ಬೇಡವೋ ಎಂದು ಇನ್ನೂ ನಿಶ್ಚಯ ಮಾಡಿಲ್ಲ. ಚಾ ಬಂದಾಗ ಎಲ್ಲರಿಗೂ ಬಾಯಮ್ಮನವರ ಮೇಲೇ ಸಿಟ್ಟು. "ಪಾಪ, ಮಾಸ್ಟ್ರಿಗೆ ಹಾಗೆ ಹೇಳಬಾರದಿತ್ತು" ಅಂದರು ಒಬ್ಬರು, ಗೋಳಿಬಜೆ ಚಟ್ನಿಯಲ್ಲಿ ಅದ್ದುತ್ತ.

ಮುಂದಿನ ವಾರ ಮಾಸ್ಟ್ರು ಬರುವುದಿಲ್ಲ ಅಂದುಕೊಂಡಿದ್ದೆವು, ಹೆದರಿಯೂ ಇದ್ದೆವು. ಆರು ಇಪ್ಪತ್ತೈದಕ್ಕೇ ಬಂದು ಕೂತಿದ್ದರು. ಕೇಸು ಇನ್ನೂ ನಡೆಯುತ್ತಿದೆ.

ಬರುವ ಬುಧವಾರ ಯಾಕೋಬನ ಪತ್ರಿಕೆ, ಮೂರನೇ ಅಧ್ಯಾಯ. ವಿಷಯ: ಬೋಧಕರಾಗಲು ಹೊರಡುವವರಿಗೆ ಎಚ್ಚರಿಕೆ, ಮತ್ತು ನಾಲಿಗೆಯನ್ನು ಹತೋಟಿಯಲ್ಲಿಡುವುದು. ಒಟ್ಟು 18 ವಚನ, ಮಾಸ್ಟ್ರು ಈಗಾಗಲೇ ಹದಿನಾಲ್ಕಕ್ಕೆ ಕೆಂಪು ಗೆರೆ ಎಳೆದಿದ್ದಾರೆ. ದಯವಿಟ್ಟು ಎಲ್ಲರೂ ಬನ್ನಿ, ಕುರ್ಚಿ ಧಾರಾಳ ಉಂಟು. ಎರಡನೇ ಸಾಲಿನ ಕಿಟಕಿ ಬದಿಯದ್ದನ್ನು ಮಾತ್ರ ಬಿಡಿ.