ಒರೆಯೊಳಗಿನ ನಡುಪಟ್ಟಿ

ಬನ್ನಿ ಕೊಡಲು ಬೇಲಿ ಹತ್ತಿರ ಬಂದ ಪಕ್ಕದ ಮನೆ ಹುಡುಗನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಏನಾತಪ್ಪಾ ಕೈಗೆ?"

"ಏನಿಲ್ಲ ದೊಡ್ಡಪ್ಪಾ. ಗಾಡಿ ಕೀಲಿ ಹುಡುಕಾಕ ಚೀಲದಾಗ ಕೈ ಹಾಕಿದೆ. ಒಳಗ ಚಾಕು ಇತ್ತು, ಕೊಯ್ತು."

ಹಿಂದಿನ ದಿನವಷ್ಟೇ ಆಯುಧಪೂಜೆ. ಅವರ ಪಡಸಾಲೆಯಲ್ಲಿ ಕೊಡ್ಲಿ, ಕುಡುಗೋಲು, ಈ ಚಾಕು, ಎಲ್ಲವೂ ವಿಭೂತಿ ಬಳಿದುಕೊಂಡು ಸಾಲಾಗಿ ಕೂತಿದ್ದನ್ನು ನಾನೇ ನೋಡಿದ್ದೆ. ಕಾಯಿ ಒಡೆದು ಕೈಮುಗಿದ ಆಯುಧವನ್ನು ಮರುದಿನವೇ ಗೋಣಿಚೀಲಕ್ಕೆ ಬರಿಮೈಯಲ್ಲಿ ಎಸೆದರೆ ಅದು ತಾನೇ ಏನು ಮಾಡೀತು? "ಅದಕ್ಕೊಂದು ಒರೆ ಹೊಲಿ ತಮ್ಮಾ" ಅಂದೆ. "ಹೆಂಗ ಹೊಲಿಯೋದು?" ಅಂದ. ಮಾತು ಅಲ್ಲಿಂದ ಶುರುವಾದದ್ದು ದೀಪ ಹಚ್ಚುವ ಹೊತ್ತಿನವರೆಗೂ ನಡೆಯಿತು.

ನಮ್ಮಿಬ್ಬರ ನಡುವಿನ ಬೇಲಿಯಲ್ಲಿ ಜಾಲಿಯ ಜೊತೆಗೆ ತಂಗಡಿ ಬೆಳೆದಿದೆ. ಮೈಸೂರು ಕಡೆಯವರು ಆವರಿಕೆ ಅನ್ನುತ್ತಾರೆ. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಯಾವ ಕೆಂಪು ಮಣ್ಣಿನ ದಾರಿಯಲ್ಲಿ ಹೋದರೂ ಹಳದಿ ಹೂ ಹೊತ್ತು ನಿಂತಿರುತ್ತದೆ. ಯಾರೂ ನೀರು ಹಾಕುವುದಿಲ್ಲ, ದನವೂ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಒಂದು ಕಡ್ಡಿ ಮುರಿದು ತೊಗಟೆ ಸುಲಿದು ಹುಡುಗನ ಕೈಗೆ ಕೊಟ್ಟೆ. "ನಾಲಿಗೆಗೆ ಹಚ್ಚಿ ನೋಡು." ಮುಖ ಹಿಂಡಿದ. "ಒಗರು!"

ಆ ಒಗರೇ ತೊಗಲನ್ನು ಕೊಳೆಯಲು ಬಿಡದ ಶಕ್ತಿ. ಹಸಿ ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಕೆರೆದು, ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿಯ ರಸದಲ್ಲಿ ವಾರಗಟ್ಟಲೆ ಇಟ್ಟರೆ ಅದು ಹದಕ್ಕೆ ಬರುತ್ತದೆ. 1953ರವರೆಗೆ ಈ ಬಳ್ಳಾರಿ ಸೀಮೆ ಮದ್ರಾಸು ಪ್ರಾಂತ್ಯದಲ್ಲಿತ್ತಲ್ಲ, ಆ ಕಾಲದಲ್ಲಿ ಮದ್ರಾಸಿನಿಂದ ತಂಗಡಿ ತೊಗಟೆಯಲ್ಲಿ ಹದಗೊಂಡ ತೊಗಲು ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟುಗಳಿಗೂ ಅದೇ ತೊಗಲು ಬೇಕಾಯಿತು. 20ನೇ ಶತಮಾನದ ಆರಂಭದಲ್ಲಿ ಮದ್ರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ ತೊಗಟೆಯ ಬದಲು ಕ್ರೋಮ್ ಲವಣದಲ್ಲಿ ಮಾಡುವ ಹದವನ್ನು ರೂಢಿಗೆ ತಂದರು. ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಇವತ್ತಿನ ಬ್ಯಾಗು, ಬೂಟುಗಳ ತೊಗಲು ಹೆಚ್ಚಾಗಿ ಆ ಹದದ್ದೇ.

"ಯಾವುದಾದ್ರೇನು ದೊಡ್ಡಪ್ಪಾ, ತೊಗಲು ತೊಗಲೇ ಅಲ್ಲೇನು?"

ಅಲ್ಲ. ಒರೆಗೆ ತೊಗಟೆ ಹದದ್ದೇ ಬೇಕು. ಅದನ್ನು ನೆನೆಸಿ ಒತ್ತಿದ ಆಕಾರ ಒಣಗಿದ ಮೇಲೂ ಹಾಗೆಯೇ ನಿಲ್ಲುತ್ತದೆ. ಕ್ರೋಮ್ ತೊಗಲು ಮೆತ್ತಗೆ, ಒತ್ತಿದರೆ ಮತ್ತೆ ಮೊದಲಿನಂತಾಗುತ್ತದೆ. ಅದರೊಳಗಿನ ಲವಣ ಕಬ್ಬಿಣಕ್ಕೆ ತುಕ್ಕನ್ನೂ ತರುತ್ತದೆ. ಗುರುತಿಸುವುದು ಸುಲಭ. ಕತ್ತರಿಸಿದ ಅಂಚು ನೋಡು: ಒಳಗೆ ನೀಲಿ ಬೂದು ಕಂಡರೆ ಕ್ರೋಮ್, ಕಂದು ಕಂಡರೆ ತೊಗಟೆಯದು. ಒಂದು ಹನಿ ನೀರು ಬಿಡು: ತೊಗಟೆಯದು ಕುಡಿದು ಕಪ್ಪಾಗುತ್ತದೆ. ಚಪ್ಪಲಿ ಸಾಮಾನಿನ ಅಂಗಡಿಯಲ್ಲಿ ಅಟ್ಟೆ ಹಾಕುವ ತೊಗಲು ಕೇಳು. ಮೂರು ಮಿಲಿಮೀಟರ್ ದಪ್ಪ ಸಾಕು.

ಮೊದಲ ಕೆಲಸ ಕಾಗದದ್ದು. ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಮಡಚಿ, ಚಾಕುವಿನ ಬೆನ್ನನ್ನು ಮಡಿಕೆಗೆ ಇಟ್ಟು, ಅಲಗಿನ ಸುತ್ತ ಗೆರೆ ಎಳೆ. ಬಾಯಿಯ ಕಡೆ ಅರ್ಧ ಇಂಚು ಹೆಚ್ಚು ಬಿಡು. ಹಿಡಿಯೂ ಒಂದಿಂಚು ಒಳಗೆ ಕೂರಲಿ, ಆಗ ಚಾಕು ತಾನಾಗಿ ಜಾರುವುದಿಲ್ಲ. ಕಾಗದದ ಒರೆಗೆ ಚಾಕು ಹಾಕಿ ತೆಗೆದು ನೋಡು. ಕಾಗದ ಹಾಳಾದರೆ ಹತ್ತು ಪೈಸೆ ನಷ್ಟ, ತೊಗಲು ಹಾಳಾದರೆ ಒಂದು ದಿನದ ಕೂಲಿ.

ಕುಡುಗೋಲಿಗೆ ಈ ಲೆಕ್ಕ ನಡೆಯುವುದಿಲ್ಲ. ಬಾಗಿದ ಅಲಗು ಚೀಲದಂಥ ಒರೆಯೊಳಗೆ ಹೋಗದು. ಅದಕ್ಕೂ ಕೊಡ್ಲಿಗೂ ಬಾಯಿಯನ್ನಷ್ಟೇ ಮುಚ್ಚುವ ಮಡಿಕೆ ಪಟ್ಟಿ ಮಾಡಿ, ಬೆನ್ನ ಮೇಲೆ ಬಾರು ಕಟ್ಟಬೇಕು. ಮಲೆನಾಡಿನವರು ಒರೆಯ ಗೋಜಿಗೇ ಹೋಗದೆ ಸೊಂಟಕ್ಕೆ ಮರದ ಕೊಕ್ಕೆ ಕಟ್ಟಿ ಕತ್ತಿ ಸಿಕ್ಕಿಸುತ್ತಾರೆ. ಕೊಡವರ ಒಡಿಕತ್ತಿ ಬೆನ್ನ ಹಿಂದಿನ ತೊಡಂಗದಲ್ಲಿ ಕೂರುತ್ತದೆ. ಅವರವರ ಕೆಲಸ, ಅವರವರ ಅಲಗು, ಅದಕ್ಕೆ ತಕ್ಕ ಮನೆ. ನಮ್ಮ ಮೈಲಾರದ ಗೊರವಯ್ಯನ ಭಂಡಾರದ ಚೀಲ ನೋಡು, ಅದೂ ತೊಗಲಿನದೇ. ಓಡಿದರೂ ಕುಣಿದರೂ ಅರಿಶಿನ ಚೆಲ್ಲಬಾರದು, ಕೈ ಹಾಕಿದೊಡನೆ ಸಿಗಬೇಕು. ಒಳಗೆ ಏನಿರುತ್ತದೆ, ಹೊತ್ತವನು ಹೇಗೆ ನಡೆಯುತ್ತಾನೆ ಎಂದು ಬಲ್ಲವನು ಮಾತ್ರ ಅಂಥದ್ದನ್ನು ಹೊಲಿದಾನು.

ತೊಗಲು ಕತ್ತರಿಸಿದೊಡನೆ ಮಡಚಿ ಹೊಲಿಯಬೇಡ. ಬೆಲ್ಟಿಗೆ ಹಾಕುವ ಕಿವಿಯನ್ನು ಮೊದಲು ಹೊಲಿ. ಒರೆ ಮುಚ್ಚಿದ ಮೇಲೆ ಸೂಜಿ ಒಳಗೆ ಹೋಗದು. ಕೂತಾಗ ಹಿಡಿ ಪಕ್ಕೆಗೆ ತಿವಿಯದಂತೆ ಕಿವಿಯನ್ನು ಒರೆಯ ಬಾಯಿಗಿಂತ ಮೇಲಕ್ಕೆ ಎತ್ತಿಡು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು, ನಡುಪಟ್ಟಿ.

ಇದನ್ನು ನಾನು ಕಲಿತದ್ದು ರಕ್ತ ಕೊಟ್ಟು. ನಲವತ್ತು ವರ್ಷದ ಹಿಂದೆ ಹಳೇ ಬ್ಯಾಗಿನ ತೊಗಲು ಮಡಚಿ, ಎರಡೇ ಪದರ ಹೊಲಿದು, ಚಾಕು ಸಿಕ್ಕಿಸಿಕೊಂಡು ಹಡಗಲಿಗೆ ಹೊರಟಿದ್ದೆ. ತೆಗೆದು ಹಾಕಿ ಮಾಡುವಾಗ ಅಲಗು ಒಳಗಿನಿಂದ ಒಂದೊಂದೇ ದಾರ ಕೊಯ್ಯುತ್ತಿದ್ದದ್ದು ನನಗೆ ಕಾಣಲಿಲ್ಲ. ಬಸ್ಸಿನ ಸೀಟಿನಲ್ಲಿ ಕೂತೊಡನೆ ತೊಡೆಗೆ ಇಳಿಯಿತು. ಗಾಯ ಮಾಗಿದ ಮೇಲೆ ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಹಿರಿಯರೊಬ್ಬರಿಗೆ ಆ ಒರೆ ತೋರಿಸಿದೆ. ಅವರು ಬೈಯಲಿಲ್ಲ. ರಂಪಿಗೆಯಿಂದ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಸೀಳಿ, ಎರಡು ಪದರದ ನಡುವೆ ಅಂಚಿಗೆ ಇಟ್ಟು, "ಬಾಯಿ ಇದಕ್ಕ ತಾಗಬೇಕು, ದಾರಕ್ಕಲ್ಲ" ಅಂದರು. ಅಷ್ಟೇ ಪಾಠ. ಹೊಲಿದ ಮೇಲೆ ಆ ಪಟ್ಟಿ ಹೊರಗೆ ಬರಿಯ ಗೆರೆಯಾಗಿ ಉಳಿಯುತ್ತದೆ. ಒರೆಯ ಆಯುಷ್ಯವೆಲ್ಲ ಅದರಲ್ಲಿದೆ.

ಮೂರೂ ಪದರವನ್ನು ಅಂಟಿನಿಂದ ಕೂಡಿಸು. ಅಂಚಿನಿಂದ ನಾಲ್ಕು ಮಿಲಿಮೀಟರ್ ಒಳಗೆ ಗೆರೆ ಎಳೆದು, ಊಟದ ಫೋರ್ಕಿನ ಹಲ್ಲು ಒತ್ತುತ್ತಾ ಹೋಗು, ತೂತಿನ ಅಂತರ ಸಮವಾಗಿ ಬೀಳುತ್ತದೆ. ಆರಿಯನ್ನು ನೆಟ್ಟಗೆ ಹಿಡಿದು ಚುಚ್ಚು. ವಾರೆಯಾದರೆ ಹಿಂದಿನ ಹೊಲಿಗೆ ಹಾವಿನಂತೆ ಓಡುತ್ತದೆ. ಹೊಲಿಗೆಯ ಉದ್ದದ ನಾಲ್ಕರಷ್ಟು ದಾರ ತಗೊಂಡು ಜೇನುಮೇಣ ತಿಕ್ಕಿ, ಎರಡು ತುದಿಗೂ ಸೂಜಿ ಪೋಣಿಸು. ಒಂದೇ ತೂತಿನಲ್ಲಿ ಎರಡೂ ಸೂಜಿ ಎದುರುಬದುರಾಗಿ ದಾಟಲಿ. ಮಿಶಿನ್ ಹೊಲಿಗೆ ಒಂದು ಕಡೆ ಕಡಿದರೆ ಬಿಚ್ಚುತ್ತಾ ಹೋಗುತ್ತದೆ. ಇದರಲ್ಲಿ ಒಂದು ಎಳೆ ಹೋದರೂ ಇನ್ನೊಂದು ಹಿಡಿದಿರುತ್ತದೆ. ಕೊನೆಗೆ ಮೂರು ಹೊಲಿಗೆ ಹಿಂದಕ್ಕೆ ಹಾಕಿ ದಾರ ಕತ್ತರಿಸು. ತುದಿಯಲ್ಲಿ ಒಂದು ಸಣ್ಣ ಕಿಂಡಿ ಬಿಡು, ಮಳೆ ನೀರು ಇಳಿಯಲಿ.

ಆಮೇಲೆ ನೆನೆಸುವುದು. ಉಗುರುಬೆಚ್ಚಗಿನ ನೀರಲ್ಲಿ ಗುಳ್ಳೆ ಏಳುವುದು ನಿಲ್ಲುವ ತನಕ ಇಡು. ಅಲಗಿಗೆ ಎಣ್ಣೆ ಸವರಿ ಪ್ಲಾಸ್ಟಿಕ್ ಹಾಳೆ ಸುತ್ತಿಯೇ ಒಳಗೆ ಹಾಕು. ತಂಗಡಿಯ ಒಗರು ಕಬ್ಬಿಣಕ್ಕೆ ತಾಗಿದರೆ ತೊಗಲು ಶಾಯಿಯಂತೆ ಕಪ್ಪಾಗುತ್ತದೆ. ಮರದ ಚಮಚದ ಹಿಂಬದಿಯಿಂದ ಒತ್ತಿ ಒತ್ತಿ ಆಕಾರ ಬರಿಸಿ, ನೆರಳಲ್ಲಿ ಎರಡು ದಿನ ಒಣಗಿಸು. ನಮ್ಮ ಬಿಸಿಲಿಗೆ ಇಟ್ಟರೆ ಸಂಜೆಯೊಳಗೆ ಹಪ್ಪಳ. ಒಣಗಿದ ಮೇಲೆ ಅಂಚನ್ನು ಉಜ್ಜು ಕಾಗದದಿಂದ ಸಮ ಮಾಡಿ, ಒದ್ದೆ ಬಟ್ಟೆಯಿಂದ ಹೊಳಪು ಬರುವ ತನಕ ತಿಕ್ಕು. ಹರಳೆಣ್ಣೆ ತೆಳ್ಳಗೆ ಸವರು, ಹೆಚ್ಚಾದರೆ ಒರೆ ಜೋಲುತ್ತದೆ. ಅಡುಗೆ ಎಣ್ಣೆ ಬೇಡ, ಅಂಟಂಟಾಗುತ್ತದೆ. ರಾತ್ರಿ ಚಾಕುವನ್ನು ಒರೆಯಿಂದ ತೆಗೆದಿಡು, ಇಲ್ಲದಿದ್ದರೆ ಒಳಗಿನ ತೇವ ಅಲಗನ್ನು ತಿನ್ನುತ್ತದೆ.

"ಪೊಲೀಸ್ರ ಪಿಸ್ತೂಲಿನ ಒರೆನೂ ಹಿಂಗೇ ಏನು?" ಅಂದ. ವಿದ್ಯೆ ಅದೇ, ಎಚ್ಚರ ಹತ್ತು ಪಾಲು. ಕುದುರೆ ಎಳೆಯುವ ಜಾಗ ಪೂರ್ತಿ ಮುಚ್ಚಿರಬೇಕು, ಮೇಲೆ ಹಿಡಿದುಕೊಳ್ಳುವ ಪಟ್ಟಿ ಇರಬೇಕು. ಅಳತೆಗೆ ಮರದ ಮಾದರಿಯನ್ನೇ ಬಳಸಬೇಕು.

ಹದಿನೈದು ದಿನ ಬಿಟ್ಟು ಬೇಲಿಯ ಮೇಲಿಂದ ಹುಡುಗ ಒರೆ ತೋರಿಸಿದ. ತಲೆಕೆಳಗು ಮಾಡಿ ಅಲುಗಿಸಿದ. ಚಾಕು ಬೀಳಲಿಲ್ಲ. "ನನಗ್ಯಾಕ ತೋರಿಸ್ತೀ, ಗೊತ್ತಿದ್ದವರಿಗೆ ತೋರಿಸು" ಅಂದೆ. ಕೊಟ್ಟೂರಿನಲ್ಲಿ ಕೊಡೆಯ ಕೆಳಗೆ ಚಪ್ಪಲಿ ಹೊಲಿಯುವ ಅಜ್ಜನೊಬ್ಬನಿದ್ದಾನೆ. ಗುರುಬಸವೇಶ್ವರನ ತೇರಿಗೆ ನಡೆದು ಬರುವವರ ಕಾಲನ್ನು ಕಾಯುವ ಕೈ ಅದು. 1976ರಲ್ಲಿ ಸರ್ಕಾರ ಚರ್ಮದ ಕುಶಲಕರ್ಮಿಗಳಿಗೆಂದೇ ಲಿಡ್ಕರ್ ನಿಗಮ ಕಟ್ಟಿತು, ಒಳ್ಳೆಯ ಕೆಲಸ. ಆದರೆ ನಾವು ಊರವರು ಆ ಕೈಗಳನ್ನು ಉಂಗುಟ ಕಿತ್ತಾಗ ಮಾತ್ರ ನೆನೆಯುತ್ತೇವೆ. ಒರೆ ಹೊಲಿದುಕೊಡಿ ಎಂದು ಕೇಳಿದವರು ಎಷ್ಟು ಮಂದಿ? ಒಂದು ಒರೆ ತಾನೇ ಹೊಲಿದವನು ಆಮೇಲೆ ಅಂಥವರ ಮುಂದೆ ಹತ್ತು ರೂಪಾಯಿಗೆ ಚೌಕಾಸಿ ಮಾಡಲಾರ.

ಹುಡುಗ ಹೋಗಿ ಬಂದ. "ಏನಂದ ಅಜ್ಜ?"

"ಮ್ಯಾಲಿನ ಹೊಳಪು ನೋಡ್ಲೇ ಇಲ್ಲ ದೊಡ್ಡಪ್ಪಾ. ಅಂಚಿನುದ್ದಕ್ಕೂ ಹೆಬ್ಬೆರಳು ಒತ್ತಿಕೊಂಡು ಹೋದ. 'ನಡುಪಟ್ಟಿ ಹಾಕೀಯಲ್ಲ, ಯಾರು ಹೇಳಿಕೊಟ್ರು' ಅಂತ ಕೇಳಿದ."

"ನೀ ಏನಂದೆ?"

"ಹಗರಿಬೊಮ್ಮನಹಳ್ಳಿ ಸಂತೆಯವರು ಅಂದೆ."

ಅವನ ಹೆಬ್ಬೆರಳಿನ ಗಾಯವೂ ಅಷ್ಟರಲ್ಲಿ ಮಾಗಿತ್ತು.