ಯಾರೂ ಹರಡಲಿಲ್ಲ, ಹರಡ್ಕೊಂಡಿದೆ

ಇಂಗ್ಲಿಷಿನಲ್ಲಿ ‘ಸ್ಟ್ರೂನ್’ ಅಂತ ಒಂದು ಪದ ಇದೆ. ಕಾದಂಬರಿ ಓದುವವರಿಗೆ ಚೆನ್ನಾಗಿ ಗೊತ್ತು. ಕೋಣೆ ತುಂಬ ಬಟ್ಟೆ ಸ್ಟ್ರೂನ್ ಆಗಿರುತ್ತದೆ, ಮೇಜಿನ ಮೇಲೆ ಕಾಗದ ಸ್ಟ್ರೂನ್ ಆಗಿರುತ್ತದೆ, ಅಪಘಾತದ ಸುದ್ದಿಯಲ್ಲಾದರೆ ರಸ್ತೆಯುದ್ದಕ್ಕೂ ಗಾಜಿನ ಚೂರು. ಎಲ್ಲವೂ ಆಗಿಯೇ ಇರುತ್ತವೆ, ಮಾಡಿದವನು ಮಾತ್ರ ಎಲ್ಲೂ ಕಾಣುವುದಿಲ್ಲ. ‘ಸ್ಟ್ರೂ’ ಎಂಬ ಕ್ರಿಯಾಪದ ನಿಘಂಟಿನಲ್ಲೇನೋ ಇದೆ. ಆದರೆ ಚರ್ಚಿನ ಮದುವೆಯಲ್ಲಿ ವಧುವಿನ ಮುಂದೆ ಹೂವಿನ ಪಕಳೆ ಉದುರಿಸುತ್ತ ನಡೆಯುವ ಪುಟ್ಟ ಹುಡುಗಿಯನ್ನು ಬಿಟ್ಟರೆ, ‘ಹೌದು, ನಾನೇ ಸ್ಟ್ರೂ ಮಾಡಿದೆ’ ಎಂದು ಒಪ್ಪಿಕೊಳ್ಳುವವರು ಸಿಗುವುದು ಕಷ್ಟ. ಕಳ್ಳರಿಗೂ ಗಂಡಂದಿರಿಗೂ ಇಷ್ಟು ಅನುಕೂಲದ ಪದ ಇನ್ನೊಂದಿಲ್ಲ.

ನಮ್ಮಲ್ಲಿ ಅಂಥದ್ದಿಲ್ಲ ಅಂದ್ಕೊಂಡಿರಾ? ಈ ವಿಷಯದಲ್ಲಿ ಇಂಗ್ಲಿಷಿನವರು ನಮ್ಮ ಮುಂದೆ ಬಚ್ಚಾಗಳು. ‘ಸಾಮಾನೆಲ್ಲ ಹರಡ್ಕೊಂಡಿದೆ ಕಣೇ’ ಅನ್ನುತ್ತಾನಲ್ಲ ಗಂಡ, ಆ ‘ಕೊಂಡು’ ಎಂಬುದರ ಚಮತ್ಕಾರ ನೋಡಿ. ಸಾಮಾನು ತಾನಾಗಿಯೇ ತನ್ನನ್ನು ಹರಡಿ-ಕೊಂಡಿದೆ. ಅಂಗಿ ಗೂಟದಿಂದ ಸ್ವಂತ ಇಚ್ಛೆಯಿಂದ ಇಳಿದು ಕುರ್ಚಿಗೆ ಜೋತುಬಿದ್ದಿದೆ. ಪೇಪರು ಪುಟ ಬಿಚ್ಚಿಕೊಂಡು ದಿವಾನದ ಮೇಲೆ ಮಲಗಿದೆ. ಕಾಲುಚೀಲಗಳು ಯಾವುದೋ ಮನಸ್ತಾಪಕ್ಕೆ ಬೇರೆ ಬೇರೆ ಮೂಲೆ ಸೇರಿವೆ. ಗಂಡ ಪಾಪ, ಬರೀ ಪ್ರತ್ಯಕ್ಷದರ್ಶಿ. ಆದರೆ ಕನ್ನಡದ ಕ್ರಿಯಾಪದಕ್ಕೆ ಬಾಲ ಇದೆಯಲ್ಲ, ಸಿಕ್ಕಿಬೀಳುವುದೇ ಅಲ್ಲಿ. ‘ಹರಡ್ಕೊಂಡಿದೆ ಅಲ್ಲ, ಹರಡ್ಕೊಂಡಿದೀನಿ ಅನ್ನಿ’ ಎಂದು ಅಡುಗೆಮನೆಯಿಂದ ತಿದ್ದುಪಡಿ ಬರುತ್ತದೆ. ಬಾಲ ಬದಲಾದರೆ ಸಾಕು, ಕೇಸು ಮುಗಿಯಿತು.

ಇಂಥ ಪದಗಳನ್ನೆಲ್ಲ ಹುಡುಕಿ ಗುಡ್ಡೆ ಹಾಕಿದವನೊಬ್ಬ ಇದ್ದ. ಪೀಟರ್ ಮಾರ್ಕ್ ರೋಜೆ, ಲಂಡನ್ನಿನ ವೈದ್ಯ. 1805ರಲ್ಲೇ ತನ್ನ ಬಳಕೆಗೆಂದು ಸಮಾನಾರ್ಥಕ ಪದಗಳ ಪಟ್ಟಿ ಮಾಡಿಟ್ಟುಕೊಂಡಿದ್ದ. 1848ರಲ್ಲಿ ರಾಯಲ್ ಸೊಸೈಟಿಯ ಕಾರ್ಯದರ್ಶಿಗಿರಿಯಿಂದ ಬಿಡುವಾದ ಮೇಲೆ ಅದನ್ನೇ ಹಿಗ್ಗಿಸಿ, 1852ರಲ್ಲಿ, ತನ್ನ 73ನೇ ವಯಸ್ಸಿನಲ್ಲಿ, ‘ಥೆಸಾರಸ್’ ಎಂದು ಅಚ್ಚು ಹಾಕಿಸಿದ. ಗ್ರೀಕಿನಲ್ಲಿ ಅದರ ಅರ್ಥ ಬೊಕ್ಕಸ. ಲೋಕದ ವಿಚಾರಗಳನ್ನೆಲ್ಲ 1,000 ತಲೆಬರಹಗಳಡಿ ಸಾಲಾಗಿ ನಿಲ್ಲಿಸಿದ ಪುಣ್ಯಾತ್ಮ, ಚದುರುವುದಕ್ಕೆ ಸಂಬಂಧಿಸಿದ ಪದಗಳನ್ನೂ ಚದುರಲು ಬಿಡಲಿಲ್ಲ, ಹಿಡಿದು ತಂದು ಒಂದೇ ಕಡೆ ಕೂರಿಸಿದ. ನಿವೃತ್ತರಾದವರು ಮನೆಯವರ ಕಪಾಟು ಜೋಡಿಸಲು ಹೋಗಿ ಬೈಸಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ.

ತೊಂದರೆ ಏನೆಂದರೆ, ಅಕ್ಕಪಕ್ಕ ಕೂತ ಪದಗಳೆಲ್ಲ ಒಂದೇ ಎಂದು ಓದುವವರು ತಿಳಿದುಬಿಡುತ್ತಾರೆ. ಚಿತ್ರಾನ್ನಕ್ಕೆ ಕೊತ್ತಂಬರಿ ಸೊಪ್ಪು ಉದುರಿಸಬೇಕು, ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸಬೇಕು, ತೋಟಕ್ಕೆ ಔಷಧಿ ಸಿಂಪಡಿಸಬೇಕು, ಹಪ್ಪಳ ಹರವಬೇಕು, ಗಾಳಿ ನೋಡಿಕೊಂಡು ಕಾಳು ತೂರಬೇಕು. ಮದುಮಕ್ಕಳಿಗೆ ಅಕ್ಷತೆ ‘ಹಾಕಬೇಕು’. ಕೊನೆಯ ಸಾಲಿನಲ್ಲಿ ಕೂತು ಊಟದ ಹಾಲ್‌ನತ್ತ ಕಣ್ಣಿಟ್ಟವರು ಅದನ್ನು ಎರಚುತ್ತಾರೆ ಎನ್ನುವುದು ಬೇರೆ ಮಾತು, ಮುಂದಿನ ಸಾಲಿನವರ ಜಡೆಗೇ ಅದರ ಆಶೀರ್ವಾದ. ‘ಚೆಲ್ಲು’ ಅಂತೂ ಮಹಾ ಮಾಯಾವಿ. ಒಲೆಯ ಮೇಲಿನ ಹಾಲು ಚೆಲ್ಲಿದರೆ ಬೈಗುಳ. ಅದೇ ಉತ್ತರ ಕರ್ನಾಟಕದಲ್ಲಿ ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿದರೆ ಭೂಮಿತಾಯಿಯ ಪೂಜೆ. ಇನ್ನು ಮನುಷ್ಯರೇ ‘ಚೆಲ್ಲುಚೆಲ್ಲಾಗಿ’ ಆಡಿದರೆ ಅಜ್ಜಿ ಕಣ್ಣು ಕೆಂಪಗೆ ಮಾಡುತ್ತಿದ್ದರು. ಮನಸ್ಸು ಒಂದು ಕಡೆ ನಿಲ್ಲದವರನ್ನು ಇಂಗ್ಲಿಷಿನಲ್ಲಿ ‘ಸ್ಕ್ಯಾಟರ್‌ಬ್ರೇನ್’ ಅನ್ನುತ್ತಾರೆ. ಅಲ್ಲಿ ಚೆಲ್ಲುವುದು ಮಿದುಳು, ಇಲ್ಲಿ ಆಸಾಮಿ ಪೂರ್ತಿ.

ಸ್ಟ್ರೂನ್ ಮಹಾಶಯನ ಬಂಧುಬಳಗ ಹುಡುಕಿದರೆ ಇನ್ನೂ ಮಜಾ. ಅವನ ಒಡಹುಟ್ಟು ‘ಸ್ಟ್ರಾ’, ಅಂದರೆ ಒಣಹುಲ್ಲು. ನೆಲದ ಮೇಲೆ ಹರಡಿದ್ದಕ್ಕೇ ಆ ಹೆಸರು. ದೂರದ ಸಂಬಂಧಿ ‘ಸ್ಟ್ರೀಟ್’. ರೋಮನ್ನರು ಕಲ್ಲು ಹಾಸಿ ಮಾಡಿದ ದಾರಿಯ ಹೆಸರಿನಿಂದ ಹುಟ್ಟಿದ ಮಾತು ಅದು. ಅದೇ ಬೇರು ಸಂಸ್ಕೃತದಲ್ಲಿ ‘ಸ್ತೃ’, ಹರಡು ಎಂಬ ಧಾತು. ಅದರಿಂದ ‘ವಿಸ್ತಾರ’, ‘ವಿಸ್ತರ’. ಆ ವಿಸ್ತರ ಕನ್ನಡಕ್ಕೆ ಬಂದು ವೇಷ ಬದಲಿಸಿ ‘ಬಿತ್ತರ’ ಆಯಿತು. ಈಗ ಇನ್ನೊಂದು ಕಡೆಯಿಂದ ಬನ್ನಿ. ರೇಡಿಯೊದವರ ‘ಬ್ರಾಡ್‌ಕಾಸ್ಟ್’ ಮೂಲದಲ್ಲಿ ರೈತರ ಮಾತು. ಸಾಲು ಹಿಡಿಯದೆ, ಕೈತುಂಬ ಬೀಜ ತೆಗೆದು ಅಗಲಕ್ಕೆ ಬೀಸಿ ಚೆಲ್ಲುವುದು. ನಮ್ಮವರ ಚೆಲ್ಲು ಬಿತ್ತನೆ. ಅದನ್ನು ಕನ್ನಡದಲ್ಲಿ ‘ಬಿತ್ತರಿಸು’ ಅಂದಾಗ, ಓಹೋ ‘ಬಿತ್ತು’ವಿನಿಂದ ಬಂದಿರಬೇಕು, ಎಂಥ ಜಾಣ ಅನುವಾದ ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲ, ಬಿತ್ತುವುದಕ್ಕೂ ಬಿತ್ತರಕ್ಕೂ ರಕ್ತಸಂಬಂಧ ಇಲ್ಲ, ಹೆಸರು ಹೋಲುತ್ತದೆ ಅಷ್ಟೇ. ಅದರ ನಿಜವಾದ ನೆಂಟ ಇಂಗ್ಲೆಂಡಿನ ಕೋಣೆಯಲ್ಲಿ ಬಟ್ಟೆಯ ನಡುವೆ ಬಿದ್ದುಕೊಂಡಿರುವ ಆ ಸ್ಟ್ರೂನ್!

ಮೈಸೂರಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಾಯಿತು. ಆಕಾಶದಿಂದ ಬಂದ ಮಾತಿಗೆ ಆಡಿದವರು ಯಾರು ಅಂತ ಕೇಳುವ ಹಾಗೇ ಇಲ್ಲ. ಕಂಸನೂ ಕೇಳಲಿಲ್ಲ.

‘ಲಿಟರ್’ ಕಥೆಯೂ ಕಡಿಮೆಯದಲ್ಲ. ಅದರ ಮೂಲ ಲ್ಯಾಟಿನ್ನಿನ ಹಾಸಿಗೆ. ಹಾಸಿಗೆ ಹೊತ್ತು ನಡೆದಾಗ ಪಲ್ಲಕ್ಕಿ, ದನದ ಕೆಳಗೆ ಹಾಸಿದಾಗ ಹುಲ್ಲು, ಆ ಹುಲ್ಲಿನ ಮೇಲೆ ಹುಟ್ಟಿದಾಗ ಮರಿಗಳ ಹಿಂಡು, ಕೊನೆಗೆ ಬೀದಿಯ ಕಸ. ಮಲೆನಾಡಿನಲ್ಲಿ ಕೊಟ್ಟಿಗೆಗೆ ದರಗು ಹಾಸುವವರಿಗೆ ಈ ಜಾರುದಾರಿ ವಿವರಿಸಬೇಕಾಗಿಲ್ಲ. ಕೋಳಿ ಸಾಕುವವರು ಇವತ್ತಿಗೂ ‘ಡೀಪ್ ಲಿಟರ್’ ಅಂದರೆ ಹೊಟ್ಟಿನ ಹಾಸೇ ಹೊರತು ಕಸವಲ್ಲ. ‘ಡು ನಾಟ್ ಲಿಟರ್’ ಎಂಬ ಬೋರ್ಡಿನ ಕೆಳಗೆ ಬೀದಿನಾಯಿ ಮರಿ ಹಾಕಿ ಮಲಗಿದ್ದರೆ, ಇಂಗ್ಲಿಷ್ ಪ್ರಕಾರ ಅಪರಾಧ ಸಾಬೀತು.

‘ಆಸ್ಪರ್ಶನ್’ ಇದೆಯಲ್ಲ, ಅದು ರೋಮನ್ ಕ್ಯಾಥೊಲಿಕ್ ಪಾದ್ರಿಗಳು ಭಕ್ತರ ಮೇಲೆ ಪವಿತ್ರ ಜಲ ಚಿಮುಕಿಸುವುದು. ನಮ್ಮ ಪುರೋಹಿತರ ಪ್ರೋಕ್ಷಣೆ ಇದ್ದ ಹಾಗೆ. ಅದೇ ಪದ ಕ್ರಮೇಣ ಕೆಟ್ಟು ಒಬ್ಬರ ಹೆಸರಿಗೆ ಮಸಿ ಬಳಿಯುವುದಾಯಿತು. ನೀರಿನಿಂದ ಕೆಸರಿಗೆ ಇಳಿಯಲು ಹೆಚ್ಚು ಹೊತ್ತು ಬೇಡ. ನಮ್ಮ ಪತ್ರಿಕೆಗಳಲ್ಲಿ ಚುನಾವಣೆ ಬಂತೆಂದರೆ ‘ಕೆಸರೆರಚಾಟ’. ಅದನ್ನು ಆಟ ಎಂದು ಕರೆದ ಪುಣ್ಯಾತ್ಮರಿಗೆ ನಮೋ. ಮತ್ತೆ ಅದೇ ವರಸೆ: ‘ನಮ್ಮ ಮೇಲೆ ಕೆಸರೆರಚುವ ಕೆಲಸ ನಡೀತಾ ಇದೆ’ ಎಂದು ಎರಡೂ ಪಕ್ಷದವರು ದೂರುತ್ತಾರೆ. ಕೆಲಸ ನಡೆಯುತ್ತದೆ, ಕೈಗಳೆಲ್ಲ ಶುಭ್ರ.

ಇಷ್ಟೆಲ್ಲ ಸಡಿಲ ಪದಗಳ ನಡುವೆ ಬಿಗಿಯಾಗಿ ನಡೆದುಕೊಂಡಿದ್ದು ಭಾರತೀಯ ಹವಾಮಾನ ಇಲಾಖೆ ಒಂದೇ. ಅವರಲ್ಲಿ ‘ಸ್ಕ್ಯಾಟರ್ಡ್’ ಬಾಯಿಗೆ ಬಂದ ಮಾತಲ್ಲ, ಲೆಕ್ಕ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆ ಕಂಡರೆ ‘ಐಸೊಲೇಟೆಡ್’, ಅಂದರೆ ಒಂದೆರಡು ಕಡೆ. ಶೇ 26ರಿಂದ 50 ಆದರೆ ‘ಸ್ಕ್ಯಾಟರ್ಡ್’, ಕೆಲವೆಡೆ. 51ರಿಂದ 75 ಹಲವೆಡೆ. ಅದನ್ನೂ ದಾಟಿದರೆ ಬಹುತೇಕ ಕಡೆ. ಎಷ್ಟು ಬಿತ್ತು ಎಂಬುದಕ್ಕೆ ಬೇರೆ ಪದಗಳಿವೆ, ಇದು ಎಷ್ಟು ಕಡೆ ಬಿತ್ತು ಎಂಬುದಕ್ಕೆ. ವಾರ್ತೆಯವರು ಇಷ್ಟು ಅಳೆದು ತೂಗಿ ಓದಿದರೂ ಕೇಳುವವರ ಕಿವಿಯಲ್ಲಿ ನಾಲ್ಕೂ ಸೇರಿ ‘ಎಲ್ಲೋ ಬರುತ್ತಂತೆ’ ಆಗಿಬಿಡುತ್ತದೆ. ಬೆಂಗಳೂರಿನಲ್ಲಿ ಮಲ್ಲೇಶ್ವರದ ಮೋರಿ ಉಕ್ಕಿ ಹರಿಯುವ ಹೊತ್ತಿಗೆ ಜಯನಗರದ ತಾರಸಿಯಲ್ಲಿ ಸಂಡಿಗೆ ಗರಿಗರಿಯಾಗಿ ಒಣಗುತ್ತಿರುತ್ತದೆ. ಕೊಡೆ ಹೊತ್ತು ತಿರುಗಿದ್ದಕ್ಕೆ ಸಿಟ್ಟಾದ ಜಯನಗರದ ರಾಯರು ಷಡ್ಡಕನಿಗೆ ಫೋನ್ ಹಚ್ಚುತ್ತಾರೆ.

‘ಮಳೆ ಮಳೆ ಅಂದಿದ್ದೇ ಬಂತು. ಎಲ್ರೀ ಮಳೆ?’

‘ನಮ್ಮ ಹಾಲ್‌ನಲ್ಲಿದೆ. ಬನ್ನಿ ತೋರಿಸ್ತೀನಿ. ಬರೋವಾಗ ಒಂದು ಬಕೆಟ್ ತನ್ನಿ.’